ನಾನು ಸೋಸಿ ಹಾಕಿದ ಸಿನಿಮಾ

ಆ ಭಾನುವಾರ ಬೆಳಿಗ್ಗೆ ನಳಕ್ಕೆ ನೀರು ಬಂದಿತ್ತು. ಸಿಂದಗಿಯ ನಮ್ಮ ಓಣಿಯಲ್ಲಿ ನೀರು ಬಂದ ದಿನ ಉಳಿದ ಕೆಲಸವೆಲ್ಲ ಹಿಂದೆ ಸರಿಯುತ್ತದೆ. ಚಹಾಕ್ಕೆ ಇಟ್ಟು ಬಂದು ಕೊಡ, ಬಕೆಟ್ಟು, ಕೊನೆಗೆ ರೊಟ್ಟಿ ಹಿಟ್ಟು ನಾದುವ ಪರಾತದವರೆಗೆ ಎಲ್ಲ ತುಂಬಿಸಿದೆ. ಒಳಗೆ ನಮ್ಮ ಮನೆಯವರು ಚರ್ಚಿನ ಆರಾಧನೆಗೆ ಹಾಕಿಕೊಳ್ಳುವ ಬಿಳಿ ಅಂಗಿಗೆ ತಾವೇ ಇಸ್ತ್ರಿ ಮಾಡುತ್ತಿದ್ದರು. ಕಾಲರನ್ನು ಮಾತ್ರ ಎರಡೆರಡು ಸಲ ಒತ್ತುವುದು ಅವರ ರೂಢಿ. ಮಗಳು ಒಂದೇ ಕಾಲಿಗೆ ಸಾಕ್ಸು ಹಾಕಿಕೊಂಡು ಇನ್ನೊಂದನ್ನು ಮಂಚದ ಕೆಳಗೆ ಹುಡುಕುತ್ತಿದ್ದಳು.

ಗೋಡೆಯಾಚೆ ಪಕ್ಕದ ಮನೆಯವಳೂ ನೀರು ಹಿಡಿಯುತ್ತಿದ್ದಳು. ಅವಳು ಹೊರ್ತಿ ಊರಿನವಳು, ನನಗಿಂತ ಎಷ್ಟೋ ಚಿಕ್ಕವಳು. ಲಾರಿ ಓಡಿಸುವವನ ಎರಡನೆಯ ಹೆಂಡತಿಯಾಗಿ ಹೋದ ಬೇಸಿಗೆಯಲ್ಲಿ ಬಂದಳು. ಮೊದಲಿನವಳು ಜ್ವರದಲ್ಲಿ ತೀರಿಹೋಗಿದ್ದಳು. ಅವಳು ಬಿಟ್ಟುಹೋದ ಮಗಳು ಈಗ ಎರಡನೇ ತರಗತಿ. ಹೊರ್ತಿಯವಳು ಬಂದ ಹೊಸದರಲ್ಲಿ ಈ ಹುಡುಗಿ ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಆಮೇಲೆ ಚಿಗವ್ವ, ಅಂದರೆ ಚಿಕ್ಕಮ್ಮ, ಎಂದಿತು. ಆ ಬೆಳಿಗ್ಗೆ ಗೋಡೆಯ ಮೇಲಿಂದ ನಾನು ನೋಡುವಾಗ ಹುಡುಗಿ ಅವಳ ಸೆರಗಿನ ಚುಂಗು ಹಿಡಿದು ನಿಂತಿತ್ತು.

"ಅವ್ವಾ, ಕೊಡ ತುಂಬಿ ಚೆಲ್ಲಾಕತ್ತೈತಿ!"

ಹೊರ್ತಿಯವಳು ನಳ ಬಂದ್ ಮಾಡುವುದನ್ನು ಮರೆತು ನನ್ನ ಕಡೆ ನೋಡಿದಳು. ಹುಬ್ಬು ಕುಣಿಸಿ, "ಕೇಳಿದ್ರಿಲ್ಲ?" ಎನ್ನುವ ಹಾಗೆ. ಹತ್ತು ದಿನವೂ ಆಗಿರಲಿಲ್ಲ, ಹುಡುಗಿಯ ಬಾಯಲ್ಲಿ ಅವ್ವಾ ಎಂಬ ಶಬ್ದ ಬರತೊಡಗಿ. ನಾನೂ ನಕ್ಕೆ.

"ಮಧ್ಯಾಹ್ನ ಪಿಚ್ಚರಕ್ಕ ಬರ್ರಿ ಇಬ್ಬರೂ," ಎಂದೆ. "ಚಲೋದು ಐತಿ."

"ನೀವು ಹಾಕೂದೆಲ್ಲಾ ಚಲೋನ ಇರ್ತಾವ್ರಿ ಅಕ್ಕಾರ. ಅದಕ್ಕ ನಮ್ಮ ಮನಿಯವರು ನೋಡ್ತ ನೋಡ್ತ ನಿದ್ದಿ ಮಾಡ್ತಾರ."

ನಾನು ಸಿನಿಮಾ ಆರಿಸುವ ಕತೆಯನ್ನು ಸ್ವಲ್ಪ ಹೇಳಬೇಕು. ನಮ್ಮ ಮನೆಯವರದು ಕರೆಂಟ್ ಆಫೀಸಿನ ನೌಕರಿ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಸುತ್ತಿ ಸಿಂದಗಿಗೆ ಬಂದೆವು. ಪ್ರತಿ ಊರಲ್ಲೂ ನಮ್ಮ ಕ್ರೈಸ್ತರ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟೇ. ಹೋದಲ್ಲೆಲ್ಲ ಗೆಳತಿಯರಾದರು. ಮಕ್ಕಳಿಗೆ ಯಾವ ಸಿನಿಮಾ ತೋರಿಸಬಹುದು ಎಂದು ಕೇಳಲು ಅವರು ಇವತ್ತಿಗೂ ನನಗೇ ಫೋನು ಮಾಡುತ್ತಾರೆ. ನಾನು ವಿಜಯಪುರದಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರ್ ಒಬ್ಬರು ಹೇಳಿಕೊಟ್ಟಿದ್ದರು: ಯೇಸುಸ್ವಾಮಿ ನಿನ್ನ ಪಕ್ಕದಲ್ಲಿ ಕೂತಿದ್ದಾರೆ ಎಂದುಕೋ, ಅವರ ಎದುರು ನಾಚಿಕೆ ಆಗದಂಥದ್ದನ್ನು ನೋಡು. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದೆ. ಮಕ್ಕಳಿಗೆ ಹಾಕುವ ಮುಂಚೆ ಪ್ರತಿಯೊಂದು ಸಿನಿಮಾವನ್ನೂ ಒಬ್ಬಳೇ ಕೂತು ಪೂರ್ತಿ ನೋಡುತ್ತೇನೆ. ಮುತ್ತು, ಕುಡಿತ, ಬೈಗುಳ, ರಕ್ತ ಎಲ್ಲೆಲ್ಲಿ ಬರುತ್ತವೆ ಎಂದು ಮನಸ್ಸಿನಲ್ಲಿ ಗುರುತಿಟ್ಟುಕೊಂಡು, ಮಕ್ಕಳು ನೋಡುವಾಗ ರಿಮೋಟಿನಿಂದ ಅಲ್ಲಲ್ಲಿ ಮುಂದೆ ಓಡಿಸುತ್ತೇನೆ. ಹಾಲು ಉಕ್ಕುವುದು ಸದ್ದಿನಿಂದಲೇ ತಿಳಿಯುತ್ತದಲ್ಲ, ಹಾಗೆ ವಾದ್ಯದ ಸದ್ದು ಬದಲಾದ ಕೂಡಲೇ ನನ್ನ ಹೆಬ್ಬೆರಳು ಗುಂಡಿಯ ಮೇಲಿರುತ್ತದೆ. ಓಣಿಯ ತಾಯಂದಿರು ಜಾತಿ ಧರ್ಮ ನೋಡದೆ ಮಕ್ಕಳನ್ನು ನಮ್ಮ ಮನೆಗೆ ಕಳಿಸುತ್ತಿದ್ದುದು ಈ ಹೆಬ್ಬೆರಳಿನ ನಂಬಿಕೆಯ ಮೇಲೆ. ನನಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆ ವಾರದ್ದು ಡಬ್ ಮಾಡಿದ ಒಂದು ಭಕ್ತಿ ಸಿನಿಮಾ. ಚರ್ಚಿನಲ್ಲಿ ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದರು. ತಾಯಿ ಸತ್ತ ಹುಡುಗಿಯ ಕತೆ. ಅಪ್ಪ ಇನ್ನೊಂದು ಮದುವೆಯಾಗುತ್ತಾನೆ. ಬಂದವಳು ಹುಡುಗಿಯನ್ನು ದನದ ಕೊಟ್ಟಿಗೆಯಲ್ಲಿ ಮಲಗಿಸುತ್ತಾಳೆ, ಅನ್ನ ಬಚ್ಚಿಡುತ್ತಾಳೆ, ಒಂದು ದಿನ ಸೌಟು ಕಾಯಿಸಿ ಅಂಗೈಗೆ ಇಡುತ್ತಾಳೆ. ಹುಡುಗಿ ಪ್ರಾರ್ಥನೆ ಬಿಡುವುದಿಲ್ಲ. ಕೊನೆಗೆ ಅಪ್ಪ ಕಣ್ಣು ತೆರೆದು, ಆ ಹೆಂಗಸನ್ನು ಬಟ್ಟೆಗಂಟಿನ ಸಮೇತ ಹೊರಗೆ ಹಾಕುತ್ತಾನೆ.

ಶನಿವಾರ ಶೇಂಗಾ ಸುಲಿಯುತ್ತ ನೋಡಿದೆ. ಅಳು ಬಂತು. ಎರಡು ಕಡೆ ಓಡಿಸಿದರೆ ಸಾಕು ಎಂದುಕೊಂಡೆ: ಅಪ್ಪ ಗೆಳೆಯನ ಜೊತೆ ಕುಡಿಯುವುದು, ಮದುವೆಯ ರಾತ್ರಿ ಬಾಗಿಲು ಹಾಕಿಕೊಳ್ಳುವುದು. ಸೌಟಿನ ಜಾಗ ಓಡಿಸಬೇಕೆಂದು ಹೊಳೆಯಲಿಲ್ಲ. ಅದು ನೀತಿ ಹೇಳುವ ಜಾಗ. ಗೋಡೆಯಾಚೆಯವಳು ನನಗೆ ನೆನಪೇ ಆಗಲಿಲ್ಲ. ಅವಳನ್ನು ನಾನು ಎಂದೂ ಮಲತಾಯಿ ಎಂದು ಎಣಿಸಿರಲಿಲ್ಲ, ಅದಕ್ಕೇ ಹೊಳೆಯಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಸಮಾಧಾನ ಆಗಿಲ್ಲ.

ಭಾನುವಾರ ಆರಾಧನೆಗೆ ಹೊರಡುವ ಮುಂಚೆ ಬಾಗೇವಾಡಿಯ ಗೆಳತಿಗೆ ಫೋನಿನಲ್ಲಿ ದನಿ ಸಂದೇಶ ಕಳಿಸಿದೆ: "ಚಲೋ ಐತ್ರಿ, ಮನಿಮಂದೆಲ್ಲಾ ಕುಂತು ನೋಡಬಹುದು." ಅವರು ಕೈಮುಗಿದ ಚಿತ್ರ ಕಳಿಸಿದರು.

ಊಟವಾದ ಮೇಲೆ ಮಕ್ಕಳು ಬಂದರು. ಚಾಪೆ ಹಾಸಿ, ಬಿಸಿಲು ಬರುವ ಕಿಟಕಿಗೆ ಹಳೆಯ ಚಾದರ ಕಟ್ಟಿ, ಚುರುಮುರಿಗೆ ಒಗ್ಗರಣೆ ಹಾಕಿಟ್ಟಿದ್ದೆ. ಹೊರ್ತಿಯವಳು ಬಾಗಿಲ ಬಳಿ ಗೋಡೆಗೆ ಒರಗಿ ಕೂತಳು. ಹುಡುಗಿ ಅವಳ ಮೊಣಕಾಲಿಗೆ ಬೆನ್ನು ಕೊಟ್ಟು ಕೂತಿತು. ಕೂರುವಾಗ ಅವಳ ಕೈ ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಿತು, ನಡುಪಟ್ಟಿ ಕಟ್ಟಿಕೊಂಡ ಹಾಗೆ.

ಕುಡಿಯುವ ಜಾಗ ಬಂತು, ಓಡಿಸಿದೆ. ಮದುವೆಯ ರಾತ್ರಿ ಬಂತು, ಓಡಿಸಿದೆ. ಎರಡೂ ಸಲ ಒಂದು ಕ್ಷಣವೂ ತಪ್ಪಲಿಲ್ಲ. ಆಮೇಲೆ ಆ ಹೆಂಗಸು ಅನ್ನದ ಪಾತ್ರೆಯನ್ನು ಬಚ್ಚಿಟ್ಟಳು. ಮುಂದಿನ ಸಾಲಿನಲ್ಲಿದ್ದ ಮಗುವೊಂದು ತಿರುಗಿ ಪಕ್ಕದ ಮನೆಯ ಹುಡುಗಿಯನ್ನು ಕೇಳಿತು:

"ಏ, ನಿಮ್ಮ ಚಿಗವ್ವನೂ ಹಿಂಗ ಮಾಡ್ತಾಳೇನು?"

ಮಕ್ಕಳೆಲ್ಲ ಹೋ ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹೊರ್ತಿಯವಳೇ. "ಹೂಂ ಮತ್ತ! ನಾನೂ ಮನ್ಯಾಗ ಅನ್ನಕ್ಕ ಬೀಗಾ ಹಾಕಿ ಬಂದೇನಿ. ನೀ ಭಾಳ ಮಾತಾಡಿದರ ನಿನಗೂ ಸಿಗೂದಿಲ್ಲ ಚುರುಮುರಿ."

ಅದು ಚೇಷ್ಟೆಯ ಮಾತು ಎಂದು ದೊಡ್ಡವಳಾದ ನನಗೆ ತಿಳಿಯಿತು. ಏಳು ವರ್ಷದ ಹುಡುಗಿಗೆ ತಿಳಿಯಲಿಲ್ಲ. ಅದು ತಿರುಗಿ ಅವಳ ಮುಖ ನೋಡಿತು. ಆಗಲೇ ತೆರೆಯ ಮೇಲೆ ಸೌಟು ಒಲೆಗೆ ಬಿತ್ತು.

ನನ್ನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಈಗ ಓಡಿಸಿದರೆ ಯಾರಿಗಾಗಿ ಓಡಿಸಿದೆ ಎಂದು ಎಲ್ಲರಿಗೂ ತಿಳಿಯುತ್ತದೆ, ಅವಳಿಗೆ ಇನ್ನೂ ಅವಮಾನ ಎಂದು ಯೋಚಿಸಿದೆ. ಅದು ಅರ್ಧ ನಿಜ. ಇನ್ನರ್ಧ, ಇಷ್ಟು ಒಳ್ಳೆಯ ಸಿನಿಮಾವನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಸೌಟು ಅಂಗೈಗೆ ತಾಗಿತು, ತೆರೆಯ ಹುಡುಗಿ ಚೀರಿತು. ನಮ್ಮ ಚಾಪೆಯ ಮೇಲಿನ ಹುಡುಗಿಯ ಬೆನ್ನು ಆ ಮೊಣಕಾಲಿನಿಂದ ಒಂದಿಷ್ಟು ಮುಂದೆ ಸರಿಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದಿಷ್ಟು. ಹೊಟ್ಟೆಯ ಮೇಲಿದ್ದ ಕೈಯನ್ನು ಬೆರಳು ಬೆರಳಾಗಿ ಬಿಡಿಸಿ ಅದು ನನ್ನ ಮಗಳ ಪಕ್ಕಕ್ಕೆ ಹೋಗಿ ಕೂತಿತು. ಖಾಲಿಯಾದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಹೊರ್ತಿಯವಳು ಚಾಪೆಯ ಅಂಚಿನ ದಾರ ಎಳೆಯತೊಡಗಿದಳು.

ಕೊನೆಯಲ್ಲಿ ಆ ಹೆಂಗಸು ಗಂಟು ಹೊತ್ತು ಮನೆ ಬಿಟ್ಟು ಹೋದಾಗ ಮಕ್ಕಳು ಚಪ್ಪಾಳೆ ಹೊಡೆದರು. ಮೊದಲು ಹೊಡೆದವಳು ನನ್ನ ಮಗಳು. ಅವಳನ್ನು ನೋಡಿ ಪಕ್ಕದ ಹುಡುಗಿಯೂ ಹೊಡೆಯಿತು.

ಚುರುಮುರಿ ಹಂಚಿದೆ. ಹೊರ್ತಿಯವಳು ತನ್ನ ಪಾಲಿನಿಂದ ಶೇಂಗಾ ಆರಿಸಿ ಅಂಗೈಯಲ್ಲಿ ಚಾಚಿದಳು. "ತಗೋ ಬೇ, ನಿನಗ ಶೇಂಗಾ ಅಂದರ ಜೀವ."

ಹುಡುಗಿ ಆ ಅಂಗೈಯನ್ನು ನೋಡಿ, ತನ್ನ ಎರಡೂ ಕೈಗಳನ್ನು ಲಂಗದ ಹಿಂದೆ ಇಟ್ಟುಕೊಂಡಿತು. "ಒಲ್ಲೆ."

ನಾನು ಒಂದು ಹಿಡಿ ಕೊಟ್ಟೆ. ನನ್ನ ಕೈಯಿಂದ ತೆಗೆದುಕೊಂಡಿತು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಬಿಟ್ಟರೆ ಉಳಿದದ್ದಕ್ಕೆ ಅರ್ಥವಿಲ್ಲ: ಆ ಒಂದು ಕ್ಷಣ ನನಗೆ ಸಂತೋಷವಾಯಿತು. ತಾಯಿಯಿಲ್ಲದ ಮಗು ನನ್ನ ಕೈಯಿಂದ ತಿಂದಿತು ಎಂಬ ಸಂತೋಷ. ಮರುಕ್ಷಣ ಬಾಗಿಲ ಬಳಿ ನಿಂತವಳ ಕಡೆ ಕಣ್ಣು ಹೋಯಿತು. ಅವಳು ಶೇಂಗಾ ಕಾಳುಗಳನ್ನು ಒಂದೊಂದಾಗಿ ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಚಿಗವ್ವಾ, ನಾ ಮನಿಗಿ ಹೊಂಟೆ," ಎಂದು ಹುಡುಗಿ ಅವಳನ್ನು ದಾಟಿ ಓಡಿತು.

ಸಿಸ್ಟರ್ ಹೇಳಿದ ಪರೀಕ್ಷೆಯನ್ನು ನಾನು ಶನಿವಾರವೇ ಮಾಡಿದ್ದೆ. ಸ್ವಾಮಿ ಪಕ್ಕದಲ್ಲಿ ಕೂತಿದ್ದರೂ ನನಗೆ ನಾಚಿಕೆಯಾಗುವಂಥದ್ದು ಆ ಸಿನಿಮಾದಲ್ಲಿ ಇರಲಿಲ್ಲ. ಚಾಪೆ ಸುತ್ತುವಾಗ ಬೇರೆಯೇ ಯೋಚನೆ ಬಂತು. ಅವತ್ತು ಯೇಸುಸ್ವಾಮಿ ನಮ್ಮ ಮನೆಗೆ ಬಂದಿದ್ದರೆ ರಿಮೋಟು ಹಿಡಿದ ನನ್ನ ಪಕ್ಕ ಏಕೆ ಕೂರುತ್ತಿದ್ದರು? ಬಾಗಿಲ ಬಳಿ, ಹೊರ್ತಿಯವಳ ಪಕ್ಕ, ಆ ಗೋಡೆಗೆ ಒರಗಿ ಕೂರುತ್ತಿದ್ದರು. ಅಲ್ಲಿಂದ ನನ್ನ ಸಿನಿಮಾ ಹೇಗೆ ಕಂಡಿರುತ್ತಿತ್ತು?

ಮನೆಯವರ ಮುಂದೆ ಹೇಳಿದೆ. "ಅದರಾಗ ಕೆಟ್ಟದ್ದೇನಿತ್ತು? ನೀ ಎಲ್ಲಾ ತೆಗದೇ ಹಾಕಿದ್ದಿಯಲ್ಲ," ಎಂದರು. ಪಾಪ, ಸಮಾಧಾನಕ್ಕೆ ಹೇಳಿದ ಮಾತು. ಎಲ್ಲ ತೆಗೆದಿದ್ದೆ ನಿಜ.

ಬಾಗೇವಾಡಿಯ ಗೆಳತಿಗೆ ಫೋನು ಮಾಡಿ, ಆ ಸಿನಿಮಾ ತೋರಿಸಬೇಡಿ ಎಂದೆ.

"ಯಾಕ್ರಿ ಅಕ್ಕಾರ, ಮುತ್ತು ಗಿತ್ತು ಅದಾವೇನು?"

"ಇಲ್ರಿ."

"ಕುಡಿಯೂದು?"

"ಓಡಸ್ಬಹುದು, ಸಣ್ಣದೈತಿ."

"ಮತ್ತೇನಾಗೇತಿ?"

"ನಿಮ್ಮ ಮನ್ಯಾಗ ಯಾರ್ಯಾರು ಕುಂದರತಾರ, ಅದನ್ನ ಮೊದಲ ನೋಡ್ರಿ. ನಾ ಅದನ್ನ ನೋಡಲಿಲ್ಲ," ಎಂದೆ. ಅವರಿಗೆ ತಿಳಿಯಲಿಲ್ಲ. "ಆತು ಬಿಡ್ರಿ, ಬ್ಯಾರೇದು ಹೇಳ್ರಿ" ಎಂದರು. ನನ್ನ ಹತ್ತಿರ ಬೇರೆಯದು ಇರಲಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಬಟ್ಟಲಿಗೆ ಗೋಧಿ ಹುಗ್ಗಿ ಹಾಕಿಕೊಂಡು ಪಕ್ಕದ ಮನೆಗೆ ಹೋದೆ. ಹೊರ್ತಿಯವಳು ಅಂಗಳದ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಕೇರುತ್ತಿದ್ದಳು. ಪಕ್ಕದಲ್ಲಿ ಬಾಚಣಿಗೆ, ಎಣ್ಣೆ ಬಟ್ಟಲು, ಎರಡು ಕೆಂಪು ರಿಬ್ಬನ್ನು ಇದ್ದವು. ಹುಡುಗಿ ಕಟ್ಟೆಯ ಆಚೆ ತುದಿಯಲ್ಲಿ ತಲೆ ಕೆದರಿಕೊಂಡೇ ಕೂತು ಕಂಬಕ್ಕೆ ಕಾಲು ಒದೆಯುತ್ತಿತ್ತು.

"ಬಾರಬೇ, ಜಡಿ ಹಾಕ್ತೇನಿ. ನಾಳೆ ಸಾಲಿ ಐತಿ."

"ಒಲ್ಲೆ. ಅಪ್ಪ ಬಂದ ಮ್ಯಾಲೆ ಅಪ್ಪನ ಕಡೆ ಹಾಕಿಸ್ಕೋತೀನಿ."

"ನಿಮ್ಮಪ್ಪಗ ಜಡಿ ಹಾಕಾಕ ಎಲ್ಲಿ ಬರ್ತೈತಿ? ಸ್ಟೇರಿಂಗ್ ತಿರುವಿದಂಗ ನಿನ್ನ ಕುತಗಿ ತಿರುವತಾನ."

ಬೇರೆ ದಿನ ಆಗಿದ್ದರೆ ಹುಡುಗಿ ನಗುತ್ತಿತ್ತು. ನನ್ನನ್ನು ಕಂಡು ಕಟ್ಟೆಯಿಂದ ಇಳಿದು, ನನ್ನ ಪಕ್ಕದಿಂದಲೇ ಹಾದು, ನಮ್ಮ ಮನೆಯ ಕಡೆ ಹೋಯಿತು. ನನ್ನ ಮಗಳ ಹೆಸರು ಕೂಗುವುದು ಕೇಳಿಸಿತು. ಹೊರ್ತಿಯವಳು ಆ ಕೂಗು ನಿಲ್ಲುವವರೆಗೆ ಮೊರವನ್ನು ಅಲ್ಲಾಡಿಸದೆ ಹಿಡಿದುಕೊಂಡಿದ್ದಳು.

"ತಂಗಿ," ಎಂದೆ, "ಇವತ್ತು ನನ್ನ ಕಡೆಯಿಂದ ಭಾಳ ತಪ್ಪಾತು. ಆ ಪಿಚ್ಚರ ನಾ ಹಾಕಬಾರದಿತ್ತು. ಹಾಕಿದ ಮ್ಯಾಲೆ ಬಂದ್ ಆದ್ರೂ ಮಾಡಬೇಕಿತ್ತು."

"ಏ, ಬಿಡ್ರಿ. ಪಿಚ್ಚರಿನ್ಯಾಗಿನ ಹೆಂಗಸು ನಾನೇನ್ರಿ?" ಎಂದು ಹುಗ್ಗಿಯ ಬಟ್ಟಲು ತೆಗೆದುಕೊಂಡು ಮೂಸಿದಳು. "ಯಾಲಕ್ಕಿ ಚಲೋ ಬಿದ್ದೈತಿ ನೋಡ್ರಿ."

ಅವಳು ಬಟ್ಟಲನ್ನು ಬಾಚಣಿಗೆಯ ಪಕ್ಕ ಇಟ್ಟು, ಮೊರವನ್ನು ಮತ್ತೆ ತೊಡೆಗೆ ಎಳೆದುಕೊಂಡು, ಜೋಳದಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. ನನ್ನ ಮುಖ ನೋಡದೆ, ನಾಳೆ ನೀರು ಬರುತ್ತದೋ ಇಲ್ಲವೋ ಎಂದು ಕೇಳುವ ದನಿಯಲ್ಲಿ ಹೇಳಿದಳು:

"ಮುಂದಿನ ಐತಾರ ದೆವ್ವದ ಪಿಚ್ಚರ ಇದ್ದರ ಹಾಕ್ರಿ ಅಕ್ಕಾರ. ಅಂಜಿ ಆದರೂ ನನ್ನ ತೊಡಿ ಮ್ಯಾಲೆ ಬಂದು ಕುಂದರತಾಳ."