ಮಾನಾಮಿ ಅಮಾಸಿಗೊಂದು ದೆವ್ವದ ಪುಸ್ತಕ

ಹೊಸಪೇಟೆಯ ನನ್ನ ಪುಸ್ತಕದಂಗಡಿಗೆ ವರ್ಷದಲ್ಲಿ ಎರಡೇ ಋತು. ಒಂದು ದೆವ್ವದ್ದು, ಇನ್ನೊಂದು ಹಬ್ಬದ್ದು. ಉಳಿದ ತಿಂಗಳೆಲ್ಲ ಪರೀಕ್ಷೆಯ ಗೈಡುಗಳೇ ಹೊಟ್ಟೆ ಹೊರೆಯುತ್ತವೆ. ಅವನ್ನು ಕೊಳ್ಳಲು ಬರುವವರಿಗೆ ಯಾರ ಶಿಫಾರಸೂ ಬೇಕಾಗುವುದಿಲ್ಲ, ಸಿಲೆಬಸ್ಸೇ ಸಾಕು. ಆದರೆ ಗಣಪತಿ ನೀರಿಗೆ ಹೋದನೆಂದರೆ ನಾನು ಬಾಗಿಲ ಬಳಿ ಒಂದು ಮೇಜು ಹಾಕುತ್ತೇನೆ. ಮೊದಲು ಹೊಸ ದೆವ್ವದ ಕಾದಂಬರಿಗಳು, ಮಹಾಲಯ ಅಮಾವಾಸ್ಯೆಯವರೆಗೆ. ನಮ್ಮ ಕಡೆ ಅದಕ್ಕೆ ಮಾನಾಮಿ ಅಮಾಸಿ ಅನ್ನುತ್ತಾರೆ, ಹಿರಿಯರಿಗೆ ಎಡೆ ಇಡುವ ದಿನ. ಅದು ಮುಗಿದ ಮರುದಿನವೇ ದೆವ್ವಗಳನ್ನು ಒಳಗೆ ತಳ್ಳಿ, ದಸರಾ ದೀಪಾವಳಿ ರಜೆಗೆಂದು ಬಂದ ನಗುಮುಖದ ಕಾದಂಬರಿಗಳನ್ನು ಹರಡುತ್ತೇನೆ. ಪ್ರತಿ ಪುಸ್ತಕದ ಮೇಲೂ ನನ್ನ ಕೈಬರಹದ ಒಂದು ಚೀಟಿ: ಯಾರು ಓದಬೇಕು, ಯಾವಾಗ ಓದಬೇಕು, ಓದಿದರೆ ಏನಾಗುತ್ತದೆ. ಊರಿನವರು ನನ್ನನ್ನು ದೊಡ್ಡ ಪಂಡಿತೆ ಎಂದು ತಿಳಿದಿರುವುದು ಆ ಚೀಟಿಗಳಿಂದ. ತಿಳಿದುಕೊಳ್ಳಲಿ ಬಿಡಿ, ನನಗೇನು ನಷ್ಟ!

ಅಮಾಸಿಗೆ ಮುಂಚಿನ ಪಕ್ಷದಲ್ಲಿ ನಮ್ಮಲ್ಲಿ ಯಾರೂ ಹೊಸದೇನನ್ನೂ ಕೊಳ್ಳುವುದಿಲ್ಲ. ಬಟ್ಟೆಯಂಗಡಿಯವರು ನೊಣ ಹೊಡೆಯುತ್ತ ಕೂತಿರುತ್ತಾರೆ. ಬೈಕಿನ ಷೋರೂಮಿನವರು ಹೊಸ ಬೈಕಿನ ಮೇಲೆಯೇ ನಿದ್ದೆ ಹೋಗುತ್ತಾರೆ. ಕೊಂಡರೂ ಎಡೆಯ ಮುಂದೆ ಇಡುವುದಕ್ಕೆ ಒಂದು ಪಂಚೆ, ಒಂದು ಸೀರೆ, ಅಷ್ಟೇ. ಅದು ಸತ್ತವರ ಪಾಲಿನದು. ದೆವ್ವದ ಪುಸ್ತಕಕ್ಕೆ ಮಾತ್ರ ಈ ಕಟ್ಟಳೆ ಇಲ್ಲವೆಂದು ನನ್ನ ಗಿರಾಕಿಗಳೇ ಅದು ಹೇಗೋ ತೀರ್ಮಾನ ಮಾಡಿಕೊಂಡಿದ್ದಾರೆ. ನಾನು ಕೆದಕಿ ಕೇಳುವುದಿಲ್ಲ. ವ್ಯಾಪಾರ ಆಗುವಾಗ ಶಾಸ್ತ್ರ ಕೇಳುವವಳು ಅಂಗಡಿ ಇಡಬಾರದು.

ಸಂಡೂರಿನ ಗಣಿ ಕ್ವಾರ್ಟರ್ಸಿನಿಂದ ಒಬ್ಬ ಹೆಂಗಸು ಪ್ರತಿ ವರ್ಷ ತಪ್ಪದೆ ಬರುತ್ತಾರೆ. "ಹೆದರಿಕಿ ಇರಬೇಕ್ರಿ, ಆದ್ರ ನಿದ್ದಿ ಕೆಡಬಾರ್ದು. ದೆವ್ವ ಇರಬೇಕು, ಆದ್ರ ಮನಿ ಒಳಗ ಬರಬಾರ್ದು. ಕಡೀಕ ಎಲ್ಲಾರೂ ಚಲೋ ಇರಬೇಕು" ಅನ್ನುತ್ತಾರೆ. "ಹಂಗಾರ ಅಡಿಗಿ ಪುಸ್ತಕ ಒಯ್ರಿ" ಎಂದು ನಾಲಗೆ ತುದಿಗೆ ಬಂದರೂ ನುಂಗಿಕೊಂಡು, ಚೀಟಿ ನೋಡಿ ಒಂದನ್ನು ಎತ್ತಿ ಕೊಡುತ್ತೇನೆ. ಅವರು ಖುಷಿಯಿಂದ ಒಯ್ಯುತ್ತಾರೆ.

ಇಲ್ಲೊಂದು ಮಾತು ಹೇಳಬೇಕು. ನಾನು ದೆವ್ವದ ಪುಸ್ತಕ ಓದುವವಳಲ್ಲ. ಎರಡು ಪುಟ ಓದಿದರೆ ಹಿತ್ತಲ ಬಾಗಿಲಿಗೆ ಹೋಗಲು ಕಾಲು ಬರುವುದಿಲ್ಲ. ಓದುತ್ತಿದ್ದವರು ನನ್ನ ಭಾವ, ಕಂಪ್ಲಿಯ ಅಕ್ಕನ ಗಂಡ. ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದರು. ಶನಿವಾರ ಸಂಜೆ ಬಸ್ಸು ಹತ್ತಿ ಅಂಗಡಿಗೆ ಬಂದು, ಒಂದು ಸ್ಟೂಲು ಎಳೆದುಕೊಂಡು ಕೂತು, ಹೊಸ ದೆವ್ವ ಯಾವುದು ಬಂದಿದೆಯೆಂದು ಕೇಳುತ್ತಿದ್ದರು. ಮುಂದಿನ ಶನಿವಾರ ತೀರ್ಪು. "ಈ ದೆವ್ವಕ್ಕ ಬ್ಯಾರೆ ಕೆಲಸ ಇಲ್ಲೇನು, ಬರೇ ಗಾಜು ಒಡಿತೈತಿ" ಅನ್ನುವರು ಒಂದಕ್ಕೆ. "ಇದರಾಗ ದೆವ್ವಕ್ಕಿಂತ ಮನಿ ಓನರ್ ಭಾಳ ಕೆಟ್ಟಾಂವ" ಅನ್ನುವರು ಇನ್ನೊಂದಕ್ಕೆ. ಹಳೆ ಗಣಿಯ ಸುರಂಗದಲ್ಲಿ ನಡೆಯುವ ಒಂದು ಕಾದಂಬರಿಯನ್ನು ಮಾತ್ರ ತಲೆಯ ಮೇಲೆ ಇಟ್ಟುಕೊಂಡು ಮೆರೆಸಿದರು. ಅದರ ದೆವ್ವಕ್ಕೆ ಬರಲು ಒಂದು ಕಾರಣ ಇತ್ತಂತೆ. "ಕಾರಣ ಇಲ್ದ ಬರೂವು ದೆವ್ವಲ್ಲ, ಬೀಗರು" ಎಂಬುದು ಅವರ ಸಿದ್ಧಾಂತ. ಅವರು ಹೇಳಿದ್ದಕ್ಕೆ ನಾನು ಸ್ವಲ್ಪ ಪುಸ್ತಕದ ಭಾಷೆಯ ಬಟ್ಟೆ ತೊಡಿಸಿ ಚೀಟಿಗೆ ಇಳಿಸುತ್ತಿದ್ದೆ. ನಮ್ಮಿಬ್ಬರಿಗೂ ಇದು ಒಗ್ಗಿಹೋಗಿತ್ತು.

ಅಕ್ಕ ಮಾತ್ರ ಆ ಪುಸ್ತಕಗಳನ್ನು ಕೈಯಿಂದಲೂ ಮುಟ್ಟುತ್ತಿರಲಿಲ್ಲ. "ದೇವರ ಜಗಲಿ ಮ್ಯಾಲ ಇಡಬ್ಯಾಡ್ರಿ ಅದನ್ನ" ಎಂದು ಗಂಡನನ್ನು ಗದರುವಳು. ಅವರು ಬೇಕಂತಲೇ ಊಟದ ಹೊತ್ತಿಗೆ ಒಂದೊಂದು ಪುಟ ಜೋರಾಗಿ ಓದುವರು. ಅವಳು ಕಿವಿ ಮುಚ್ಚಿಕೊಂಡು ರೊಟ್ಟಿ ಬಡಿಯುವಳು. ಕಿವಿ ಮುಚ್ಚಿಕೊಂಡರೆ ರೊಟ್ಟಿ ಬಡಿಯುವುದು ಹೇಗೆ? ಅಂದರೆ ಕೇಳುತ್ತಿದ್ದಳು ಅಂತಲೇ ಅರ್ಥ.

ಈ ವರ್ಷ ಯುಗಾದಿಗೆ ಮುಂಚೆ ಭಾವ ಹೋದರು. ಗಿರಣಿಯಿಂದ ಬಂದು, ಕೈಕಾಲು ತೊಳೆದು, ಚಾ ಕೇಳಿ, ಚಾ ಬರುವಷ್ಟರಲ್ಲಿ ಇರಲಿಲ್ಲ.

ಅಂದಿನಿಂದ ಅಕ್ಕ ಹೊಸ್ತಿಲು ದಾಟಲಿಲ್ಲ. ಮಗ, ಸೊಸೆ ಜೊತೆಯಲ್ಲೇ ಇದ್ದಾರೆ, ಅಂಗೈಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಾರೆ, ಆದರೂ ಒಳಮನೆಯಲ್ಲಿ ಗೋಡೆಗೆ ಒರಗಿ ಕೂತರೆ ಕೂತಳು. ಏನು ಕೇಳಿದರೂ ಒಂದು "ಹೂಂ." ಊಟ ಎರಡು ತುತ್ತು. ಊರಿಗೆಲ್ಲ ಬಾಯಿ ಮಾಡುತ್ತಿದ್ದ ನನ್ನ ಅಕ್ಕ ಹಾಗೆ ಸುಮ್ಮನೆ ಕೂತುಬಿಟ್ಟಳು. ಹೀಗೇ ಬಿಟ್ಟರೆ ಅವಳೂ ಭಾವನ ಹಿಂದೆಯೇ ಹೊರಟಾಳೆಂಬ ಹೆದರಿಕೆ. ಸೊಸೆ ಫೋನು ಮಾಡಿದಾಗಲೆಲ್ಲ, "ಸಣ್ಣತ್ತಿ, ನೀವರ ಒಂದ್ಸಲ ಮಾತಾಡ್ರಿ" ಎಂದು ಅಳುವಳು.

ನನಗೆ ಬರುವ ವಿದ್ಯೆ ಒಂದೇ. ಪುಸ್ತಕ ಕಳಿಸಿದೆ. ಹಬ್ಬದ ರಜೆಗೆಂದು ಮುಂಚೆಯೇ ಬಂದಿದ್ದ ಹೊಸ ಕಾದಂಬರಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಗಿಸುವುದನ್ನು ಆರಿಸಿದೆ. ಮುಂಬೈಯ ಹುಡುಗಿ ದೀಪಾವಳಿ ರಜೆಯಲ್ಲಿ ಹಂಪಿಗೆ ಬರುತ್ತಾಳೆ, ಹರಿಗೋಲು ನಡೆಸುವವನ ಮೇಲೆ ಮನಸ್ಸಾಗುತ್ತದೆ, ಅವನು ನಿಜಕ್ಕೂ ಎಂಜಿನಿಯರು. ಚೀಟಿಯಲ್ಲಿ "ಮನಸ್ಸು ಹಗುರಾಗಲು" ಎಂದು ಬರೆದು, ಬಣ್ಣದ ಕಾಗದ ಸುತ್ತಿ, ಕಂಪ್ಲಿ ಬಸ್ಸಿನಲ್ಲಿ ಹೋಗುವ ಪರಿಚಯದವರ ಕೈಯಲ್ಲಿ ಕಳಿಸಿದೆ. ವೈದ್ಯರು ಮಾತ್ರೆ ಬರೆದುಕೊಟ್ಟು ನಿಶ್ಚಿಂತರಾಗುವ ಹಾಗೆ ನಾನೂ ನಿಶ್ಚಿಂತಳಾದೆ.

ಪುಸ್ತಕ ಹಾಗೇ ವಾಪಸ್ಸು ಬಂತು. ಹಿಂದೆಯೇ ಅಕ್ಕನ ಫೋನು. ತಿಂಗಳುಗಳ ಮೇಲೆ ಅವಳು ತಾನಾಗಿ ಮಾಡಿದ ಮೊದಲ ಫೋನು.

"ಲೇ, ನಿನಗ ತಲಿ ಐತೇನು? ನಮ್ಮನ್ಯಾಗ ಈ ವರ್ಷ ಹಬ್ಬ ಇಲ್ಲ. ಹಬ್ಬದ ಪುಸ್ತಕ ಕಳಸ್ತಿಯಲ್ಲ!"

ಸಾವಾದ ಮನೆಯಲ್ಲಿ ವರ್ಷಪೂರ್ತಿ ಹಬ್ಬ ಇಲ್ಲವೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ಕಾದಂಬರಿಗೂ ಅನ್ವಯಿಸುತ್ತದೆಂದು ಯಾವ ಪಂಡಿತೆಗೆ ಹೊಳೆದೀತು? ಅಷ್ಟಕ್ಕೇ ಮುಗಿಯಲಿಲ್ಲ. "ಅಷ್ಟು ಬಿಸಲಾಗ ಹಂಪ್ಯಾಗ ಅಡ್ಡಾಡಿ ಪ್ರೀತಿ ಮಾಡ್ತಾರಂತ. ಒಂದ್ ಛತ್ರಿನಾರ ಹಿಡಿಸಬೇಕಿಲ್ಲೇನು ಬರದಾಂವ" ಅಂದಳು. ಅಂದರೆ ಹಬ್ಬವಿಲ್ಲದ ಮನೆಯಲ್ಲೂ ಒಂದೆರಡು ಪುಟ ಓದಿಯೇ ಕಳಿಸಿದ್ದಳು.

ಆಮೇಲೆ, "ದೆವ್ವದ್ದು ಒಂದು ಕಳಸು. ಹೊಸದು ಇರಬೇಕು. ಯಾರೂ ಓದಿರಬಾರ್ದು, ತೆರದೂ ನೋಡಿರಬಾರ್ದು. ಅಮಾಸಿ ಒಳಗ ಬೇಕು" ಅಂದಳು.

ಸೊಸೆಗೆ ಗೊತ್ತಾಗಿ ಅವಳೂ ಫೋನು ಮಾಡಿದಳು. "ಅತ್ತಿ ದೆವ್ವದ ಪುಸ್ತಕ ಕೇಳಾಕತ್ತಾರ. ಏನಾರ ಮನಸಿಗೆ ಹಚ್ಚಿಕೊಂಡಾರೇನೋ, ನಂಗ ಅಂಜಿಕಿ ಆಗ್ತೈತ್ರಿ." ಅಂಜಿಕೆ ನನಗೂ ಆಗಿತ್ತು. ಗೋಡೆಗೆ ಒರಗಿ ಕೂತವಳ ಕೈಗೆ ದೆವ್ವ ಕೊಟ್ಟರೆ ಗತಿ ಏನು? ಕೊಡದಿದ್ದರೆ ಆ ಒಂದು ಫೋನಿನ ಬಾಗಿಲೂ ಮುಚ್ಚಿಹೋಗುತ್ತದೆ. ಕೊನೆಗೆ ಮಧ್ಯದ ದಾರಿ ಹಿಡಿದೆ. ಹೊಸ ಕಟ್ಟಿನಲ್ಲಿದ್ದ ಒಂದು ಕಾದಂಬರಿಯ ಹಿಂದಿನ ರಟ್ಟಿನ ಮೇಲೆ, "ಇಡೀ ಕುಟುಂಬ ಕೂತು ಓದಬಹುದಾದ ಹಿತವಾದ ಭಯ" ಎಂದು ಅಚ್ಚಾಗಿತ್ತು. ಹಿತವಾದ ಭಯ! ಇದಕ್ಕಿಂತ ಬೇರೆ ಬೇಕೆ? ತೆರೆಯಬಾರದೆಂದು ಅಕ್ಕ ಹೇಳಿದ್ದಳಲ್ಲ, ನನಗೂ ಅಷ್ಟೇ ಬೇಕಾಗಿತ್ತು. ರಟ್ಟಿನ ಮಾತನ್ನೇ ನಂಬಿ ಚೀಲಕ್ಕೆ ಹಾಕಿಕೊಂಡೆ.

ಅಮಾಸಿಯ ದಿನ ಅಂಗಡಿಗೆ ಬೀಗ ಹಾಕಿ ನಾನೇ ಹೊರಟೆ. ಕಮಲಾಪುರದಲ್ಲಿ ಹಂಪಿಯ ಪ್ರವಾಸಿಗರೆಲ್ಲ ಇಳಿದ ಮೇಲೆ ಬಸ್ಸಿನಲ್ಲಿ ಉಳಿದವರು ನಾವೇ, ಮಡಿಲಲ್ಲಿ ಬಾಳೆಲೆ, ಹೂವಿನ ಪೊಟ್ಟಣ ಇಟ್ಟುಕೊಂಡವರು. ನನ್ನ ಮಡಿಲಲ್ಲಿ ದೆವ್ವ.

ಮನೆಯಲ್ಲಿ ಎಡೆ ಸಿದ್ಧವಾಗುತ್ತಿತ್ತು. ಭಾವನ ಫೋಟೋದ ಮುಂದೆ ಬಾಳೆಲೆ, ಹೋಳಿಗೆ, ಕಡುಬು, ಅವರಿಗೆ ಪ್ರಾಣವಾಗಿದ್ದ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ, ಒಂದು ಹೊಸ ಪಂಚೆ, ಎಲೆ ಅಡಿಕೆ. ಅಕ್ಕ ಗೋಡೆ ಬಿಟ್ಟು ಎದ್ದಿದ್ದಳು. ಅಷ್ಟನ್ನೂ ತಾನೇ ಮಾಡಿದ್ದಳಂತೆ, ಸೊಸೆಯನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ.

"ತಂದಿ?" ಅಂದಳು. ಕೊಟ್ಟೆ. ಮೂಸಿ ನೋಡಿದಳು, ಹೊಸ ಅಚ್ಚಿನ ವಾಸನೆ ಬರುತ್ತಿತ್ತು. ಅರಿಶಿನ ಕುಂಕುಮ ಹಚ್ಚಿ ಹೊಸ ಪಂಚೆಯ ಮೇಲೆ ಇಟ್ಟಳು. ಆಮೇಲೆ ಒಳಗೆ ಹೋಗಿ ಭಾವನ ಚಸ್ಮಾ ತಂದು, ಸೆರಗಿನಿಂದ ಒರೆಸಿ, ಪುಸ್ತಕದ ಪಕ್ಕ ಇಟ್ಟಳು.

"ಚಸ್ಮಾ ಇಲ್ದ ಹೆಂಗ ಓದ್ತಾರ?" ಅಂದಳು, ನಾನೇ ಏನೋ ತಪ್ಪು ಕೇಳಿದ ಹಾಗೆ.

ಪಕ್ಷದಲ್ಲಿ ಹೊಸದನ್ನು ಕೊಳ್ಳುವುದು ಯಾರಿಗೆಂದು ವರ್ಷವರ್ಷ ನೋಡಿದವಳು ನಾನು. ಅಕ್ಕ ಅಷ್ಟು ಬಿಡಿಸಿ ಹೇಳಿದರೂ ಪುಸ್ತಕ ಭಾವನ ಎಡೆಗೆಂದು ಗೊತ್ತಾಗಿರಲಿಲ್ಲ. ಈಗ ಇನ್ನೊಂದು ದಿಗಿಲು: ಇಡೀ ಕುಟುಂಬ ಓದುವ ಹಿತವಾದ ಭಯವನ್ನು ಭಾವನಿಗೆ ಕೊಡುವುದೇ? ಮೂರನೆಯ ಪುಟಕ್ಕೆ ಎಸೆಯುತ್ತಾರೆ!

"ಅಕ್ಕ, ಇದು ಅಷ್ಟೇನು ಚಲೋ ಇಲ್ಲ. ಅವರು ಬೈತಾರ" ಅಂದೆ.

"ಬೈಲಿ. ಬೈಕೋತ ಓದೂದ ಅವರಿಗೆ ರುಚಿ" ಅಂದಳು.

ದೀಪ ಹಚ್ಚಿ, ಕಾಯಿ ಒಡೆದು, ಬಾಗಿಲು ಮುಂದೆ ಮಾಡಿ ಎಲ್ಲರೂ ಪಡಸಾಲೆಯಲ್ಲಿ ಕೂತೆವು. ಹಿರಿಯರು ಬಂದು ಉಣ್ಣಲಿ ಎಂದು ಒಂದಷ್ಟು ಹೊತ್ತು ಹಾಗೆ ಬಿಡುವುದು ರೂಢಿ. ಆಮೇಲೆ ಬಾಗಿಲು ತೆರೆದು, ಎಡೆಯದನ್ನು ಎಲ್ಲರಿಗೂ ಹಂಚಿ ಉಂಡೆವು. ಕಾಗೆಗೆ ಅದರ ಪಾಲು ಹೋಯಿತು. ಪಂಚೆ ಮಗನಿಗೆ ಬಂತು. ಉಳಿದದ್ದು ಪುಸ್ತಕ.

"ಎಡಿ ಇಟ್ಟಿದ್ದು ಹಂಗ ಬಿಡಬಾರ್ದು" ಅಂದಳು ಅಕ್ಕ. "ಓದು. ಎಲ್ಲಾರೂ ಕೇಳೂಣು."

"ನಾನಾ?"

"ತಂದಾಕಿ ನೀನ ಅಲ್ಲೇನು? ಅಂಗಡ್ಯಾಗ ಅಷ್ಟುದ್ದ ಚೀಟಿ ಬರೀತಿ!"

ಹೊರಗೆ ಸುಡುಬಿಸಿಲು, ಹೊಟ್ಟೆ ತುಂಬ ಹೋಳಿಗೆ, ಸುತ್ತ ಮನೆಮಂದಿ. ಇಂಥ ಹೊತ್ತಿನಲ್ಲಿ ಯಾವ ದೆವ್ವ ಏನು ಮಾಡೀತು ಎಂದುಕೊಂಡು ತೆರೆದೆ. ಮೊದಲೆರಡು ಪುಟ ಬರೀ ಗಾಳಿ, ಮೋಡ, ನಾಯಿ ಊಳಿಡುವುದು. "ಈ ನಾಯಿಗೆ ಯಾರಾರ ಒಂದು ರೊಟ್ಟಿ ಹಾಕಬಾರ್ದೇನು" ಅಂದಳು ಅಕ್ಕ, ಥೇಟ್ ಭಾವನ ದನಿಯಲ್ಲಿ. ಮಗ ನಕ್ಕುಬಿಟ್ಟ. ಸೊಸೆಗೂ ನಗು ತಡೆಯಲಿಲ್ಲ. ಅಬ್ಬಾ, ಗೆದ್ದೆ ಅಂದುಕೊಂಡೆ.

ಮೂರನೆಯ ಪುಟದಲ್ಲಿ ಕಥೆ ಬಾಯಿಬಿಟ್ಟಿತು. ಒಬ್ಬ ಹೆಂಗಸು. ಗಂಡ ಸತ್ತು ಇನ್ನೂ ವರ್ಷವಾಗಿಲ್ಲ. ಅಮಾವಾಸ್ಯೆಯ ದಿನ ಯಾರೋ ಬಾಗಿಲು ಬಡಿಯುತ್ತಾರೆ. ಅವನದೇ ಕೆಮ್ಮು. ಅವನದೇ ಚಪ್ಪಲಿಯ ಸದ್ದು.

ಆ ರಟ್ಟಿನ ಮೇಲೆ ಹಿತವಾದ ಭಯ ಎಂದು ಬರೆದವನು ಎದುರಿಗೆ ಸಿಕ್ಕಿದ್ದರೆ ಅದೇ ರಟ್ಟಿನಿಂದ ಬಡಿಯುತ್ತಿದ್ದೆ. "ಅಕ್ಕ, ಇದು ಬ್ಯಾಡ. ಬ್ಯಾರೆದು ತರ್ತೀನಿ" ಅಂದೆ.

"ಓದು" ಅಂದಳು.

ಓದಿದೆ. ಆ ಹೆಂಗಸು ನಡುಗುತ್ತಾಳೆ. ಬಾಗಿಲಿಗೆ ಅಗುಳಿ ಹಾಕುತ್ತಾಳೆ. ಹೊರಗಿನಿಂದ ಅವಳ ಹೆಸರು ಹಿಡಿದು ಕರೆಯುವುದು ಕೇಳುತ್ತದೆ, ಅವಳು ದೇವರನ್ನು ನೆನೆಯುತ್ತಾಳೆ. ಅಕ್ಕನ ಮುಖ ಕೆಂಪಾಯಿತು.

"ಈಕಿಗೇನಾಗೇತಿ?" ಅಂದಳು. ದನಿ ಒಡೆದಿತ್ತು. "ಬಾಗ್ಲಾ ತಗಿಯಾಕ ಏನಾಗೇತಿ ಈಕಿಗೆ? ಅಷ್ಟು ದೂರದಿಂದ ಬಂದಾರ ಅವರು!"

ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಷರಗಳೆಲ್ಲ ಕಲಸಿಹೋಗಿ ನನಗೆ ಮುಂದಿನ ಸಾಲು ಕಾಣಿಸಲಿಲ್ಲ.

ಅಕ್ಕ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡಳು. ಫೋಟೋದ ಮುಂದಿನಿಂದ ಭಾವನ ಚಸ್ಮಾ ತೆಗೆದು ಹಾಕಿಕೊಂಡಳು. ಅವಳ ಮೂಗಿಗೆ ಅದು ದೊಡ್ಡದು, ಜಾರಿ ಜಾರಿ ಬರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಓದತೊಡಗಿದಳು.

"ಆಕೆ ಎದ್ದು ಹೋಗಿ ಬಾಗಿಲು ತೆರೆದಳು. ಬರ್ರಿ, ಕುಂದ್ರಿ, ಚಾ ಇಟ್ಟೀನಿ, ಅಂದಳು."

ನಾನು ಪಕ್ಕದಿಂದ ಇಣುಕಿ ನೋಡಿದೆ. ಪುಸ್ತಕದಲ್ಲಿ ಆ ಹೆಂಗಸು ಕಾಳಿನ ಪೆಟ್ಟಿಗೆಯನ್ನು ಎಳೆದು ಬಾಗಿಲಿಗೆ ಅಡ್ಡ ಇಡುತ್ತಿದ್ದಳು.

"ಮುಂದ?" ಅಂದೆ.

"ಮುಂದ ಏನೈತಿ, ಚಾ ಕುಡದು ಬಯ್ಯಾಕ ಸುರು ಮಾಡ್ತಾರ" ಅಂದು ಅಕ್ಕ ಪುಟ ತಿರುವಿದಳು.