ಶ್ರಾವಣದ ಉಪವಾಸ ಅಂತ ನಾನು ಹೇಳಿದ್ದು

ನನ್ನ ಹೆಂಡತಿ ಶಶಿಕಲಾ ಆ ವರ್ಷ ಶ್ರಾವಣದಲ್ಲಿ ಒಂದು ಸೋಮವಾರವೂ ಉಪವಾಸ ಇರಲಿಲ್ಲ. ಇದ್ದಳು ಅಂತ ನಾನು ಡಾಕ್ಟರಿಗೆ ಹೇಳಿದೆ. ಗೊತ್ತಿದ್ದೂ ಹೇಳಿದೆ. ಹೇಳುವಾಗ ಅವಳು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು.

ಇಷ್ಟು ಸಣ್ಣ ಸುಳ್ಳಿಗೆ ಇಷ್ಟು ದೊಡ್ಡ ಪೀಠಿಕೆಯೇ ಅಂತ ನಿಮಗೆ ಅನ್ನಿಸಬಹುದು. ನನಗೂ ನಾಲ್ಕು ವರ್ಷ ಹಾಗೇ ಅನ್ನಿಸುತ್ತಿತ್ತು — ಅಥವಾ ಹಾಗೆ ಅನ್ನಿಸುವಂತೆ ನಾನೇ ನೋಡಿಕೊಂಡಿದ್ದೆ. ನಾನು ಗುಬ್ಬಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆಯುವುದು ನನ್ನ ಕಸುಬು. ನನ್ನ ತಪ್ಪಿಗೆ ಗೆರೆ ಎಳೆಯಲು ಮಾತ್ರ ಕೈ ಬಂದಿರಲಿಲ್ಲ.

ನಮ್ಮ ಮನೆಯ ಮುಂದಿನ ಕೋಣೆಯೇ ಶಶಿಯ ಟೈಲರಿಂಗ್ ಅಂಗಡಿಯಾಗಿತ್ತು. ರವಿಕೆ ಕತ್ತರಿಸುವುದರಲ್ಲಿ ಅವಳಿಗೆ ಸಮ ಯಾರೂ ಇರಲಿಲ್ಲ, ನಿಟ್ಟೂರಿನಿಂದೆಲ್ಲ ಹೆಂಗಸರು ಬಸ್ಸು ಹತ್ತಿ ಬರುತ್ತಿದ್ದರು. ಆದರೆ ಹಿಡಿದ ಕೆಲಸ ಮುಗಿಸುವುದು ಅವಳಿಗೆ ಆಗುತ್ತಿರಲಿಲ್ಲ. ಅಳತೆ ಬರೆದುಕೊಂಡ ಚೀಟಿಯಲ್ಲೇ ಬೆಳ್ಳುಳ್ಳಿ ಸಿಪ್ಪೆ ಸುತ್ತಿ ಬಿಸಾಡುತ್ತಿದ್ದಳು. ಎಡತೋಳು ಹೊಲಿದು ಬಲತೋಳು ಬಾಕಿ ಇರುವ ರವಿಕೆಗಳು ಬಾಗಿಲ ಹಿಂದೆ ಸಾಲಾಗಿ ತೂಗುತ್ತಿದ್ದವು. ಯಾರಾದರೂ ರೇಗಿದರೆ, "ಇವತ್ತು ಒಂದ್ ತೋಳ್ ಹಾಕ್ಕೊಂಡು ಧಾರೆಗೆ ಹೋಗಿ ಅಕ್ಕಾ, ಇನ್ನೊಂದು ಆರತಕ್ಷತೆ ಹೊತ್ಗೆ ಕೊಡ್ತೀನಿ" ಅನ್ನುತ್ತಿದ್ದಳು. ರೇಗಲು ಬಂದವರು ನಕ್ಕು ಕಾಫಿ ಕುಡಿದು ಹೋಗುತ್ತಿದ್ದರು. ನಾನು ಮಾತ್ರ ನಗುತ್ತಿರಲಿಲ್ಲ.

ನಾನು ತಿದ್ದುತ್ತಿದ್ದೆ. "ನಿಂಗ್ ನೆನಪಿರಲ್ಲ ಕಣೇ, ನಾನ್ ಹೇಳ್ತೀನಿ ಕೇಳು" — ಮದುವೆಯಾದಾಗಿನಿಂದ ಈ ಮಾತನ್ನು ಎಷ್ಟು ಸಲ ಆಡಿದ್ದೇನೋ. ಬಹಳ ಸಲ ನಾನು ಹೇಳಿದ್ದೇ ಸರಿಯಾಗಿರುತ್ತಿತ್ತು ಕೂಡ. ಆದರೆ ಎಲ್ಲ ಸಲ ಅಲ್ಲ. ಒಮ್ಮೆ ಅವಳು ಕೈಗೆ ಕೊಟ್ಟ ಬೀರುವಿನ ಬೀಗದ ಕೈಯನ್ನು ನಾನೇ ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿ ಮರೆತೆ. ನೀನು ಕೊಡಲೇ ಇಲ್ಲ ಅಂದೆ. ಎರಡು ದಿನ ಮನೆಯೆಲ್ಲ ಹುಡುಕಿದಳು, ಅಕ್ಕಿ ಡಬ್ಬವನ್ನೂ ಬಗ್ಗಿಸಿ ನೋಡಿದಳು. ಮೂರನೆಯ ದಿನ ಡಿಕ್ಕಿಯಲ್ಲಿ ಸಿಕ್ಕಿತು — ಸದ್ದಿಲ್ಲದೆ ತಂದು ಅವಳ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಇಟ್ಟೆ. ಸಿಕ್ಕಾಗ ಅವಳು ತಲೆ ಚಚ್ಚಿಕೊಂಡು ನನ್ನ ಹತ್ತಿರ ಕ್ಷಮೆ ಕೇಳಿದಳು. ಇದನ್ನೂ ಯಾರಿಗೂ ಹೇಳಿರಲಿಲ್ಲ.

ಅವಳಿಗೆ ಮೂವತ್ತೇಳಾದಾಗ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, "ರೀ, ಇವ್ರು ಹೇಳ್ತಿರೋದು ನನ್ ಕಥೇನೇ" ಅಂತ ಓಡಿ ಬಂದಳು. ಎ.ಡಿ.ಎಚ್.ಡಿ. — ಗಮನ ಒಂದು ಕಡೆ ನಿಲ್ಲದ ತೊಂದರೆ. ಅದು ಮಕ್ಕಳಿಗೆ ಬರುವುದಲ್ಲವಾ ಅಂತ ನಾನು ನಕ್ಕೆ. ಅವಳು ಬಿಡಲಿಲ್ಲ. ತುಮಕೂರಿನಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿದ್ದ ಒಬ್ಬ ಮನೋವೈದ್ಯೆಯ ಹತ್ತಿರ ತಾನೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ಎರಡು ಮೂರು ಸಲ ಮಾತಾಡಿಸಿ, ಪರೀಕ್ಷೆ ಮಾಡಿ, ಹೌದು ಅಂದರು ಡಾಕ್ಟರಮ್ಮ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಶಶಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಯಾಕೆ ಅಂದರೆ, "ನಾನು ಸೋಮಾರಿ ಅಲ್ಲ ಅಂತಾಯ್ತಲ್ಲ ರೀ" ಅಂದಳು.

ಮಾತ್ರೆ ಶುರುವಾಯಿತು. ಒಬ್ಬೊಬ್ಬರ ಮೈಗೆ ಒಂದೊಂದು ಅಳತೆ, ಹಾಗಾಗಿ ಸಣ್ಣದರಿಂದ ಆರಂಭಿಸಿ, ನೋಡಿಕೊಂಡು, ಬೇಕಾದರೆ ಮಾತ್ರ ಏರಿಸುತ್ತೇವೆ ಅಂತ ಡಾಕ್ಟರು ವಿವರಿಸಿದರು. ನೋಡಿಕೊಳ್ಳುವುದಕ್ಕೆ ಒಂದು ಹಾಳೆ. ಹಸಿವು, ನಿದ್ದೆ, ಎದೆಬಡಿತ, ಸಿಟ್ಟು, ಮನಸ್ಸು, ಕೆಲಸದ ಮೇಲಿನ ಗಮನ — ವಾರವಾರ ಒಂದೊಂದಕ್ಕೂ ಗುರುತು ಹಾಕಬೇಕು. ಶಶಿ ಹಾಳೆಯನ್ನೇ ಕಳೆದುಹಾಕುತ್ತೇನೆ ಅಂತ ತಾನೇ ಹೇಳಿದ್ದರಿಂದ ಅದು ನನ್ನ ಕೈಗೆ ಬಂತು. "ಇಬ್ರೂ ಕೂತ್ಕೊಂಡು ತುಂಬಿ ಸರ್. ಡೋಸ್ ಎಷ್ಟು ಅನ್ನೋದು ಇದನ್ನ ನೋಡಿಯೇ ನಾನು ತೀರ್ಮಾನ ಮಾಡೋದು. ಕೆಟ್ಟದ್ದಿದ್ರೂ ಬರೀರಿ" ಅಂದರು. ಮೇಷ್ಟ್ರಿಗೆ ಹಾಳೆ ತುಂಬುವುದು ಹೇಳಿಕೊಡಬೇಕಾ ಮೇಡಂ ಅಂತ ನಾನು ತಮಾಷೆ ಮಾಡಿದೆ. ಇಬ್ಬರೂ ಕೂತು ತುಂಬಿದ್ದು ಮೊದಲ ಎರಡು ವಾರ ಮಾತ್ರ.

ಮೊದಲ ಎರಡು ತಿಂಗಳು — ಅದನ್ನು ಹೇಗೆ ಹೇಳಲಿ. ಬಾಗಿಲ ಹಿಂದಿನ ರವಿಕೆಗಳೆಲ್ಲ ಎರಡೂ ತೋಳು ಪಡೆದು ಅವರವರ ಮನೆ ಸೇರಿದವು. ಗೋಡೆಗೆ ಕ್ಯಾಲೆಂಡರ್ ತೂಗಿಹಾಕಿ ಯಾರದು ಯಾವತ್ತು ಅಂತ ಬರೆದಿಟ್ಟಳು. ಅವಳ ನಗುವೂ ಹಾಗೇ ಇತ್ತು, ಮಾತೂ ಹಾಗೇ ಇತ್ತು. ಒಬ್ಬ ಹೆಂಗಸು ಹೊಲಿಗೆ ಹೇಳಿಕೊಡಿ ಅಂತ ಮಗಳನ್ನು ಕರೆತಂದಾಗ, ನಾಲ್ಕು ಮಿಷನ್ ಹಾಕಿ ಕ್ಲಾಸ್ ಶುರುಮಾಡುವ ಮಾತಾಡಿದಳು. ನನ್ನ ಶಶಿ ಹಾಗೆ ಮುಂದಿನ ವರ್ಷದ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸಂಜೆಯ ಹೊತ್ತಿಗೆ ಮಾತ್ರೆಯ ಬಲ ಇಳಿಯುತ್ತಿತ್ತು. ನಾನು ಉತ್ತರಪತ್ರಿಕೆ ತಿದ್ದಲು ಕೂತರೆ ಅವಳು ಮೂರು ಕಥೆ ಒಟ್ಟಿಗೆ ಶುರುಮಾಡಿ, ಒಂದನ್ನೂ ಮುಗಿಸದೆ, ನಡುವೆ ಒಗ್ಗರಣೆ ಹೊತ್ತಿಸಿಕೊಂಡು ಬರುತ್ತಿದ್ದಳು. ನನಗೆ ಹಗಲಿನ ಅಚ್ಚುಕಟ್ಟು ಸಂಜೆಗೂ ಬೇಕಾಯಿತು. "ಸಂಜೆ ಮೇಲೆ ಮೊದಲಿನ ಥರಾನೇ ಆಗ್ತಾಳೆ ಮೇಡಂ" ಅಂದೆ. ಡಾಕ್ಟರು ಒಂದು ಮೆಟ್ಟಿಲು ಏರಿಸಿದರು.

ಆಮೇಲೆ ಅವಳಿಗೆ ಊಟ ಸೇರದಾಯಿತು. ಬೆಳಿಗ್ಗೆ ಹಾಕಿಕೊಂಡ ದೋಸೆ ಮಧ್ಯಾಹ್ನವೂ ತಟ್ಟೆಯಲ್ಲೇ ಇರುತ್ತಿತ್ತು. ಬೆರಳ ತುದಿಯ ಚರ್ಮ ಕಿತ್ತುಕೊಳ್ಳುತ್ತಿದ್ದಳು. ಹಾಕಿದ ಹೊಲಿಗೆ ಸರಿಯಿಲ್ಲ ಅಂತ ಬಿಚ್ಚುವುದು, ಮತ್ತೆ ಹಾಕುವುದು, ಮತ್ತೆ ಬಿಚ್ಚುವುದು. ಮಾತು ನಿಂತಿತು. ಒಂದು ದಿನ ನಾನು ಶಾಲೆಗೆ ಹೊರಟಾಗ ಬಾಗಿಲಲ್ಲಿ ನಿಂತು, "ರೀ, ಏನೋ ಒಂಥರಾ ಆಗ್ತಿದೆ. ಎದೆ ಡವಡವ ಅನ್ನುತ್ತೆ. ಮನೇಲಿ ನಾನೇ ಇಲ್ವೇನೋ ಅನ್ಸುತ್ತೆ" ಅಂದಳು. ಅಭ್ಯಾಸ ಆಗುತ್ತೆ ಬಿಡು ಅಂದೆ. ಆ ವಾರದ ಹಾಳೆಯಲ್ಲಿ ಹಸಿವು ಸರಿಯಿದೆ, ಎದೆಬಡಿತ ಸರಿಯಿದೆ, ಮನಸ್ಸು ಸರಿಯಿದೆ — ಒಂದೇ ಸಮನೆ ಗುರುತು ಹಾಕಿಕೊಂಡು ಹೋದೆ.

ಯಾಕೆ ಅಂತ ಕೇಳಿದರೆ ಉತ್ತರ ನಾಚಿಕೆಗೇಡಿನದು. ಮನೆ ಅಷ್ಟು ಚೊಕ್ಕಟವಾಗಿ ಎಂದೂ ಇರಲಿಲ್ಲ. ಇಟ್ಟದ್ದು ಇಟ್ಟಲ್ಲಿ ಇರುತ್ತಿತ್ತು. ಸಂಜೆ ಐದೂವರೆಗೆ ಕಾಫಿ, ಸದ್ದಿಲ್ಲದ ಕೋಣೆ, ಎದುರಾಡದ ಹೆಂಡತಿ. ನನಗೆ ಆ ಮನೆ ಇಷ್ಟವಾಗಿತ್ತು. ಅವಳು ಸೊರಗುತ್ತಿರುವುದು ನನಗೆ ಕಾಣುತ್ತಿತ್ತು — ಕಾಣಲಿಲ್ಲ ಅಂತ ಹೇಳಲಾರೆ — ಆದರೂ ಇಷ್ಟವಾಗಿತ್ತು.

ಶ್ರಾವಣದ ಮೂರನೆಯ ವಾರ ಕ್ಲಿನಿಕ್ಕಿಗೆ ಹೋದೆವು. ತೂಕ ನೋಡಿ ಡಾಕ್ಟರ ಹುಬ್ಬು ಗಂಟಾಯಿತು. ಹಾಳೆ ನೋಡಿದರು, ಮತ್ತೆ ತೂಕದ ಅಂಕಿ ನೋಡಿದರು. "ಹಸಿವು ಚೆನ್ನಾಗಿದೆ ಅಂತ ಬರ್ದಿದೀರ, ತೂಕ ಇಷ್ಟ್ ಇಳಿದಿದೆಯಲ್ಲ?"

ಆಗ ನಾನು ಹೇಳಿದೆ. "ಶ್ರಾವಣ ಅಲ್ವಾ ಮೇಡಂ. ನಮ್ಮಲ್ಲಿ ಸೋಮವಾರ ಉಪವಾಸ. ಇವ್ಳು ಈ ಸಲ ಸ್ವಲ್ಪ ಕಟ್ಟುನಿಟ್ಟು."

ನಮ್ಮ ಕಡೆಯ ಯಾವ ಮನೆಯಲ್ಲೂ ನಂಬುವಂಥ ಮಾತು. ಆದರೂ ಡಾಕ್ಟರು ಅವಳನ್ನೇ ಕೇಳಿದರು — ಅದು ಅವರ ದೊಡ್ಡತನ, ಅವರ ಮೇಲೆ ಯಾವ ತಪ್ಪೂ ಇಲ್ಲ — "ಹೌದಾ ಶಶಿಕಲಾ ಅವರೇ? ಉಪವಾಸ ಇದ್ರಾ?"

ಶಶಿ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಪಾಠದಲ್ಲಿ ಎಲ್ಲಿದ್ದೇವೆ ಅಂತ ಗೊತ್ತಾಗದ ವಿದ್ಯಾರ್ಥಿ ಪಕ್ಕದವನ ಪುಸ್ತಕ ನೋಡಿದಂತೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಡಾಕ್ಟರ ಕಡೆ ತಿರುಗಿ, "ಹೂಂ, ಇದ್ದೆ" ಅಂದಳು. ಸಂಜೆಯ ಬಗ್ಗೆ ನಾನು ಮತ್ತೆ ಹಳೆಯ ರಾಗ ತೆಗೆದೆ. ಮಾತ್ರೆ ಇನ್ನೊಂದು ಮೆಟ್ಟಿಲು ಏರಿತು.

ಗೌರಿ ಹಬ್ಬಕ್ಕೆ ಕುಣಿಗಲ್ಲಿನ ತವರಿಗೆ ಕರೆದುಕೊಂಡು ಹೋದೆ. ಅತ್ತೆ ಎಲೆಗೆ ಒಬ್ಬಟ್ಟು ಹಾಕಿದರೆ ಶಶಿ ಅದನ್ನು ನೋಡುತ್ತಲೇ ಕೂತಳು. ಬಾಗಿನ ಕೊಡುವಾಗ ಅವಳ ಕೈ ನಡುಗಿ ಮೊರದ ಅಕ್ಕಿ ಚೆಲ್ಲಿತು. ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದು, "ಏನ್ ಮಾಡ್ಬುಟ್ರಿ ಅಳಿಯಂದ್ರೇ ನನ್ ಮಗ್ಳಿಗೆ? ಮನೆ ತುಂಬಾ ಮಾತಾಡ್ತಿದ್ದೋಳು, ಈಗ ಉಸಿರೇ ಇಲ್ವಲ್ಲ" ಅಂದರು. ಡಾಕ್ಟರು ಕೊಟ್ಟ ಔಷಧಿ ಅತ್ತೆ, ನಾನೇನು ಮಾಡಲಿ ಅಂದೆ. ನಿಜವನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಹೇಳಲಿಲ್ಲ.

ಅದೇ ಮಧ್ಯಾಹ್ನ ಶಶಿ ಮಾತ್ರೆಯ ಪಟ್ಟಿಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದಳು. "ಸಾಕು ಕಣ್ರೀ. ಔಷಧಿನೂ ನನ್ ಮೈಗೆ ಒಗ್ಗಲ್ಲ. ನಾನೇ ಸರಿಯಿಲ್ಲ" ಅಂದಳು. ನಾನು ಏನಂದೆ ಗೊತ್ತೇ? ಆ ಡಾಕ್ಟರೇ ಸರಿಯಿಲ್ಲ ಬಿಡು ಅಂದೆ. ಮೊದಲ ಸುಳ್ಳನ್ನು ಮುಚ್ಚಲು ಇನ್ನೊಂದು. ಅವಳು ಅದನ್ನೂ ನಂಬಿದಳು, ಗಿರಾಕಿಗಳಿಗೂ ಹೇಳಿದಳು.

ಆಮೇಲೆ ಮತ್ತೆ ಚೀಟಿಗಳು ಕಳೆದವು, ತೋಳುಗಳು ಬಾಕಿ ಉಳಿದವು, ಆದರೆ ಈ ಸಲ ಅವಳಿಗೆ ನಗು ಬರಲಿಲ್ಲ. ಒಬ್ಬ ಮದುಮಗಳ ರೇಷ್ಮೆ ರವಿಕೆಗೆ ಬೇರೆಯವರ ಅಳತೆಯಲ್ಲಿ ಕತ್ತರಿ ಹಾಕಿದಳು. ಆ ಹುಡುಗಿಯ ತಾಯಿ ಬೀದಿಯಲ್ಲಿ ನಿಂತು ಆಡಿದ ಮಾತು ಕೇಳಿದ ಮೇಲೆ ಮಿಷನ್ನಿಗೆ ಹಳೆಯ ಸೀರೆ ಹೊದಿಸಿದಳು. ಅಂಗಡಿ ಅವತ್ತಿಗೆ ಮುಗಿಯಿತು. ಹೊಲಿಗೆ ಕ್ಲಾಸಿನ ಮಾತನ್ನು ಮತ್ತೆ ಎತ್ತಲಿಲ್ಲ. ಈಗ ಬಾಗಿಲು ಹಾಕಿದೆನಾ ಅಂತ ನನ್ನನ್ನು ಕೇಳುತ್ತಾಳೆ. ಉಪ್ಪು ಹಾಕಿದೆನಾ, ಸ್ನಾನ ಮಾಡಿದೆನಾ ಅಂತ ನನ್ನನ್ನೇ ಕೇಳುತ್ತಾಳೆ.

ಕಳೆದ ತಿಂಗಳು ಅವರೆಕಾಯಿ ಸುಲಿಯುತ್ತಾ ಇದ್ದಕ್ಕಿದ್ದಂತೆ, "ಮೊದಮೊದಲು ಆ ಮಾತ್ರೇಲಿ ಒಂದೆರಡು ತಿಂಗಳು ಚೆನ್ನಾಗಿದ್ದೆ ಅಲ್ವೇನ್ರೀ? ಇಲ್ಲ, ನಂಗೇ ಹಂಗನ್ಸುತ್ತಾ?" ಅಂದಳು. ಅವಳ ಬದುಕಿನ ಒಳ್ಳೆಯ ಎರಡು ತಿಂಗಳು ನಿಜವೋ ಸುಳ್ಳೋ ಅಂತಲೂ ಅವಳು ನನ್ನನ್ನೇ ಕೇಳಬೇಕಾಗಿತ್ತು.

ಮಾರನೆಯ ದಿನ ರಜೆ ಹಾಕಿ ಒಬ್ಬನೇ ತುಮಕೂರಿಗೆ ಹೋದೆ. ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಹಳೆಯ ಫೈಲು ತೆಗೆಸಿ ನನ್ನ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಎಷ್ಟು ನೀಟಾದ ಗುರುತುಗಳು. ಅವರು ರೇಗಲಿಲ್ಲ. "ಇದು ಗೊತ್ತಿದ್ದಿದ್ರೆ ಮೊದಲನೇ ಡೋಸಿಗೇ ವಾಪಸ್ ಬರ್ತಿದ್ದೆ ಸರ್. ಅವ್ರಿಗೆ ಅಷ್ಟೇ ಸಾಕಾಗಿತ್ತು" ಅಂದರು. ಅಷ್ಟೇ ಸಾಕಾಗಿತ್ತು. ಆಮೇಲೆ, ಕರೆದುಕೊಂಡು ಬನ್ನಿ, ಈ ಸಲ ಅವರೊಬ್ಬರೇ ಒಳಗೆ ಬರಲಿ ಅಂದರು.

ಮೊನ್ನೆ ಭಾನುವಾರ ತಿಂಡಿಯಾದ ಮೇಲೆ ಶಶಿಯನ್ನು ಎದುರಿಗೆ ಕೂರಿಸಿಕೊಂಡೆ. ಬೀಗದ ಕೈಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬೈಯಲಿ, ತಟ್ಟೆ ಎಸೆಯಲಿ, ಕುಣಿಗಲ್ಲಿಗೆ ಹೊರಟುಹೋಗಲಿ — ಏನಾದರೂ ಮಾಡಲಿ ಅಂತ ಕಾಯುತ್ತಿದ್ದೆ. ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿಸಿಕೊಂಡಳು.

"ಉಪವಾಸ ಇರ್ಲಿಲ್ವಾ ನಾನು?"

"ಇರ್ಲಿಲ್ಲ ಕಣೇ. ನಿಂಗೆ ಊಟ ಸೇರ್ತಿರ್ಲಿಲ್ಲ. ನೀನು ನಂಗೆ ಹೇಳಿದ್ದೆ, ನಾನೇ ಬರೀಲಿಲ್ಲ."

"ನಂಗೆ ಇದ್ದದ್ದೇ ನೆನಪು ರೀ. ಬೆಳಿಗ್ಗೆ ತಲೆಗೆ ನೀರ್ ಹಾಕ್ಕೊಂಡು, ಈಶ್ವರನ್ ಗುಡಿಗ್ ಹೋಗಿ ಬಂದು, ಬರೀ ಬಾಳೆಹಣ್ಣು ತಿಂದಿದ್ದು... ಎಲ್ಲಾ ಕಣ್ಣಿಗ್ ಕಟ್ಟಿದಂಗಿದೆ." ಸೆರಗಿನ ಸುತ್ತು ಬಿಚ್ಚುತ್ತಾ, "ನೀವು ಇಲ್ಲ ಅಂತೀರ ಅಂದ್ಮೇಲೆ ಇರ್ಲಿಲ್ವೇನೋ ಬಿಡಿ. ನಿಮ್ಗೆ ಸರಿಯಾಗಿ ನೆನಪಿರುತ್ತೆ" ಅಂದಳು.

ಬರುವ ಬುಧವಾರಕ್ಕೆ ಅಪಾಯಿಂಟ್‌ಮೆಂಟ್ ಆಗಿದೆ. ನಾನು ಹೊರಗಿನ ಬೆಂಚಿನ ಮೇಲೆ ಕೂರುತ್ತೇನೆ, ಕರೆದರೂ ಒಳಗೆ ಹೋಗುವುದಿಲ್ಲ. ಒಳಗೆ ಹೋಗಿ ತಾನು ಏನು ಹೇಳಬೇಕು ಅಂತ ಶಶಿ ಭಾನುವಾರದಿಂದ ನನ್ನನ್ನು ಕೇಳುತ್ತಿದ್ದಾಳೆ.