ನಾಲ್ಕನೆಯ ಸೀಟು

ಜೋಗೇಶ್ವರಿಯಿಂದ ಬರುತ್ತಿದ್ದ ಆ ಕಂಪ್ಯೂಟರ್ ಮೆಕ್ಯಾನಿಕ್ ಧಾರವಾಡದ ಕಡೆಯವರು. ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರಾಗಿ ಕೂರುವವರಂತೆ, ಎಲ್ಲಿ ಹೋದರೂ ‘ಜರಾ ಸರೀರಿ’ ಎಂದು ಜಾಗ ಕೇಳುತ್ತಿದ್ದರು. ನನ್ನ ಕಂಪ್ಯೂಟರಿನಲ್ಲಿ ಡಾಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಪಕ್ಕಕ್ಕೆ ಯುನಿಕ್ಸ್ ಎಂಬ ಇನ್ನೊಂದನ್ನೂ ಕೂರಿಸಲು ಬಂದಿದ್ದರು.

“ಡಿಸ್ಕ್ ಪಾಲು ಮಾಡಿದ್ರ ಇದ್ದದ್ದೆಲ್ಲಾ ಅಳಸಿ ಹೋಗ್ತೈತ್ರಿ. ನಿಮ್ಮ ಥೀಸಿಸ್ ಫ್ಲಾಪಿಗೆ ಇಳಿಸೀರಿ ಹೌದಿಲ್ಲೋ?”

“ಇಳಿಸಿದ ನೆನಪು,” ಎಂದೆ.

ಎಂಟರ್ ಕೀಲಿಯ ಮೇಲೆ ಅವರ ಬೆರಳು ನಿಂತಿತು. “ನೆನಪೈತೋ, ಫ್ಲಾಪಿ ಐತೋ?”

ಡ್ರಾಯರ್ ತೆಗೆದು ಒಂದೊಂದೇ ಫ್ಲಾಪಿ ಹಾಕಿ ನೋಡಿದೆ. ಮೂರು ವರ್ಷ ಬರೆದದ್ದರ ಒಂದು ಅಧ್ಯಾಯವೂ ಯಾವುದರಲ್ಲೂ ಇರಲಿಲ್ಲ.

ಅವರ ಮುಖ ಹೇಗಿತ್ತೆಂದು ಈಗ ಖಚಿತವಾಗಿ ಹೇಳಲಾರೆ. ಆದರೆ ಅವರು ಕಂಪ್ಯೂಟರಿನ ಮುಂದಿನ ಬೆಂಚಿನ ಅಂಚಿಗೆ ತಾವೇ ಸರಿದು, ಥೀಸಿಸನ್ನು ಫ್ಲಾಪಿಗೆ ನಕಲು ಮಾಡಿಕೊಳ್ಳಲು ನನಗೆ ಜಾಗ ಬಿಟ್ಟರು.